ಮೊದಲು ಬರೆ, ಆಮೇಲೆ ಮಾತಾಡು: ನಮ್ಮ ಕಾಫಿ ಕಪ್ಪಿಂಗ್

ಕಾಫಿ ವ್ಯಾಪಾರದವರು ರುಚಿ ಪರೀಕ್ಷೆ ಮಾಡುವುದಕ್ಕೆ ಕಪ್ಪಿಂಗ್ ಅಂತಾರೆ. ಹೋದ ಶನಿವಾರ ನಾವು ಐದು ಜನ ಕ್ಲಬ್ ರೂಮಲ್ಲಿ, ಹೆಸರು ಮುಚ್ಚಿಟ್ಟ ಮೂರು ಪುಡಿಗಳ ಮೇಲೆ ಅದನ್ನೇ ಮಾಡಿದೆವು. ಹಾಲು, ಸಕ್ಕರೆ, ಫಿಲ್ಟರ್ ಏನೂ ಬೇಡ. ತರಿತರಿ ಪುಡಿ 8.25 ಗ್ರಾಂ, ಅದಕ್ಕೆ 150 ಮಿಲಿ ನೀರು, ಸುಮಾರು 93 ಡಿಗ್ರಿ ಬಿಸಿ. 4 ನಿಮಿಷದಲ್ಲಿ ಪುಡಿ ಮೇಲೆ ಕೆನೆಯ ಹಾಗೆ ಕಟ್ಟುತ್ತೆ. ಮೂಗು ಹತ್ತಿರ ಇಟ್ಟು ಚಮಚದಿಂದ ಒಡೆಯಬೇಕು, ಘಮ ಭರ್ಜರಿಯಾಗಿ ಬರೋದು ಆಗಲೇ. ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ ಸೊರ್ ಅಂತ ಹೀರಬೇಕು. (ಮನೆಯಲ್ಲಾದರೆ ಬೈಗುಳ ಗ್ಯಾರಂಟಿ.) ಗಾಳಿ ಜೊತೆ ಹೀರಿದರೆ ಕಾಫಿ ನಾಲಿಗೆಯಿಡೀ ಹರಡುತ್ತೆ, ವಾಸನೆ ಬಾಯಿಂದ ಮೂಗಿಗೆ ಏರುತ್ತೆ.

ಇಷ್ಟೆಲ್ಲಾ ಸರಿಯಾಗೇ ಮಾಡಿದೆವು. ಎಡವಿದ್ದು ಮಾತಲ್ಲಿ. ಮೊದಲ ಕಪ್ಪಿಗೆ ಒಬ್ಬ "ಸಖತ್ ಸ್ಟ್ರಾಂಗ್ ಮಗಾ" ಅಂದ, ಉಳಿದ ನಾಲ್ವರಿಗೂ ಸ್ಟ್ರಾಂಗ್ ಅನ್ನಿಸಿಬಿಟ್ಟಿತು. ಪ್ಯಾಕೆಟ್ ನೋಡಿದರೆ ಶೇ. 40 ಚಿಕೋರಿ! ಅದು ಹುರಿದ ಬೇರಿನ ಪುಡಿ. ಬಣ್ಣ, ಕಹಿ ಕೊಡುತ್ತೆ, ಕೆಫೀನ್ ಮಾತ್ರ ಸೊನ್ನೆ.

ಎರಡನೇ ಕಪ್ಪಿನಿಂದ ರೂಲ್ಸ್ ಬದಲಾಯಿತು: ಚೀಟಿಯಲ್ಲಿ ಬರೆಯೋವರೆಗೂ ಯಾರೂ ಬಾಯಿ ಬಿಡೋ ಹಾಗಿಲ್ಲ. ಅರೇಬಿಕಾಕ್ಕೆ ನಮ್ಮಲ್ಲಿ ಮೂವರು ಬರೆದದ್ದು "ನೈಸ್". ಚಿಕ್ಕಮಗಳೂರಿನ ಗೆಳತಿ ಬರೆದಿದ್ದಳು: "ನಿಂಬೆ ಹುಳಿ, ಕೊನೆಗೆ ಒಗರು." ಒಗರು! ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದ ಹಾಗಾಗುತ್ತಲ್ಲ, ಅದು. ನಮಗೂ ಹಾಗೇ ಆಗಿತ್ತು, ಪದ ಹೊಳೆದಿರಲಿಲ್ಲ. ರೋಬಸ್ಟಾ ಕಪ್ಪಿಗೆ ಬರುವಾಗ ಒಂದು ಚೀಟಿಯಲ್ಲೂ "ನೈಸ್" ಇರಲಿಲ್ಲ. "ಸೀದ ಕಡಲೆಬೀಜ" ಅಂತ ಇಬ್ಬರು, ಒಬ್ಬರಿಗೊಬ್ಬರು ತೋರಿಸದೇ ಬರೆದಿದ್ದರು.

ಚೀಟಿಗಳು ಕ್ಲಬ್ ರೂಮಿನ ಗೋಡೆ ಮೇಲಿವೆ. ಮುಂದಿನ ಸಲ ಬರೋರು ಚಮಚ ತನ್ನಿ, ನಮ್ಮ ಹತ್ತಿರ ಇರೋದು ಐದೇ.