ಡಬ್ಬಿಯ ಬೆಲೆಗಿಂತ ತೋಟೆಯ ಲೆಕ್ಕ ಮುಖ್ಯ

ಅಮೆರಿಕದಲ್ಲಿ ಬೇಟೆಗೋ ಗುರಿ ಅಭ್ಯಾಸಕ್ಕೋ ರೈಫಲ್ ಹಿಡಿಯುವ ಅನೇಕರು ತೋಟೆಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಹಾರಿಸಿದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಕಿಡಿ ಹೊತ್ತಿಸುವ ಬಿಲ್ಲೆ), ಮದ್ದು (ಪೌಡರ್), ಗುಂಡು ಕೂರಿಸುವ ಈ ಹವ್ಯಾಸಕ್ಕೆ ಹ್ಯಾಂಡ್‌ಲೋಡಿಂಗ್ ಎಂದು ಹೆಸರು. ಅಲ್ಲಿ ನೆಲೆಸಿ ಇದಕ್ಕೆ ಕೈಹಾಕುವ ಕನ್ನಡಿಗರು ಪೌಡರ್ ಕೊಳ್ಳುವ ಮುನ್ನ ಈ ಲೆಕ್ಕ ಮಾಡಿಕೊಳ್ಳಲಿ.

1. ಮೊದಲು ಕೈಪಿಡಿ, ಆಮೇಲೆ ಅಂಗಡಿ
ಹಾಡ್ಜ್‌ಡನ್, ಹಾರ್ನಡಿ, ಸಿಯೆರಾ, ಲೈಮನ್ ಸಂಸ್ಥೆಗಳ ಕೈಪಿಡಿಗಳಲ್ಲಿ ನಿಮ್ಮ ತೋಟೆಗೂ ಗುಂಡಿನ ತೂಕಕ್ಕೂ ಒಪ್ಪುವ ಮೂರು-ನಾಲ್ಕು ಪೌಡರ್‌ಗಳನ್ನು ಗುರುತು ಮಾಡಿಕೊಳ್ಳಿ. ಒಂದೇ ಹೆಸರಿಗೆ ಜೋತುಬಿದ್ದರೆ ಅದು ಸಿಗದ ದಿನ ದುಪ್ಪಟ್ಟು ಬೆಲೆ ತೆರಬೇಕಾಗುತ್ತದೆ.

2. ಒಂದು ತೋಟೆಗೆ ಎಷ್ಟು?
ಒಂದು ಪೌಂಡ್ ಎಂದರೆ 7000 ಗ್ರೇನ್. ಅದನ್ನು ಒಂದು ತೋಟೆಗೆ ಬೇಕಾಗುವ ಗ್ರೇನ್‌ಗಳಿಂದ ಭಾಗಿಸಿ. ಒಂದು ಪೌಂಡ್ ಡಬ್ಬಿಗೆ 50 ಡಾಲರ್ ಎಂದಿಟ್ಟುಕೊಂಡರೆ ಅಂದಾಜು ಹೀಗೆ:

- .223 ರೆಮಿಂಗ್ಟನ್, ಸುಮಾರು 25 ಗ್ರೇನ್: 280 ತೋಟೆ, ತಲಾ 18 ಸೆಂಟ್
- .308 ವಿಂಚೆಸ್ಟರ್, ಸುಮಾರು 43 ಗ್ರೇನ್: 162 ತೋಟೆ, ತಲಾ 31 ಸೆಂಟ್
- .300 ವಿಂಚೆಸ್ಟರ್ ಮ್ಯಾಗ್ನಮ್, ಸುಮಾರು 72 ಗ್ರೇನ್: 97 ತೋಟೆ, ತಲಾ 52 ಸೆಂಟ್

ಇವು ಬೆಲೆಯ ಲೆಕ್ಕಕ್ಕಷ್ಟೇ ಹಿಡಿದ ಅಂಕಿಗಳು. ತುಂಬುವ ಪ್ರಮಾಣಕ್ಕೆ ಕೈಪಿಡಿಯೇ ಆಧಾರ.

3. ಸಾಗಣೆ ಖರ್ಚನ್ನೂ ಸೇರಿಸಿ
ಆನ್‌ಲೈನ್ ಖರೀದಿಗೆ ಅಪಾಯಕಾರಿ ಸರಕಿನ ಶುಲ್ಕವಾದ ‘ಹ್ಯಾಜ್‌ಮ್ಯಾಟ್’ ಬೀಳುತ್ತದೆ. ಅದು 30 ಡಾಲರ್ ಆದರೆ 50 ಡಾಲರಿನ ಒಂದೇ ಡಬ್ಬಿ 80ಕ್ಕೇರಿ, .308 ತೋಟೆಯ ಖರ್ಚು 49 ಸೆಂಟ್ ಆಗುತ್ತದೆ. ಅದೇ ಶುಲ್ಕ 360 ಡಾಲರಿನ 8 ಪೌಂಡ್ ಜಾಡಿಯ ಮೇಲೆ ಹಂಚಿಹೋದರೆ ತೋಟೆಗೆ 30 ಸೆಂಟ್ ಸಾಕು. ಒಂದೇ ಡಬ್ಬಿ ಬೇಕಿದ್ದರೆ ಊರಿನ ಅಂಗಡಿಯೇ ಲಾಭ. ಹೆಚ್ಚು ಬೇಕಿದ್ದರೆ ಗೆಳೆಯರು ಸೇರಿ ಒಟ್ಟಿಗೆ ತರಿಸಿ.

4. ಎಲ್ಲಿಂದ ಬರುತ್ತದೆ ತಿಳಿಯಿರಿ
ವಾರ್ಗೆಟ್, ಎಚ್4350 ಎಂಬ ಪೌಡರ್‌ಗಳು ಬರುವುದು ಆಸ್ಟ್ರೇಲಿಯಾದಿಂದ, ವಿಹ್ಟಾವುವೊರಿ ಫಿನ್ಲೆಂಡ್‌ನದು. ಸಿಎಫ್‌ಇ 223ರಂಥ ಬಾಲ್ ಪೌಡರ್‌ಗಳು ಫ್ಲೋರಿಡಾದ ಸೇಂಟ್ ಮಾರ್ಕ್ಸ್ ಕಾರ್ಖಾನೆಯವು. ಎಲ್ಲದಕ್ಕೂ ಮೂಲವಸ್ತು ನೈಟ್ರೋಸೆಲ್ಯುಲೋಸ್. ಯುಕ್ರೇನ್ ಯುದ್ಧದಿಂದ ಫಿರಂಗಿ ಮದ್ದಿಗೆ ಬೇಡಿಕೆ ಏರಿದ್ದರಿಂದ ಈ ಮೂಲವಸ್ತು ದುರ್ಲಭವಾಗಿ, ಚಿಲ್ಲರೆ ಮಾರಾಟಕ್ಕೂ ಪೆಟ್ಟು ಬಿತ್ತು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಬೇರೆ ಬೇರೆ ದೇಶ, ಕಾರ್ಖಾನೆಗಳ ಪೌಡರ್ ಇರಲಿ.

5. ಸಿಕ್ಕಿತೆಂದು ಬದಲಿಸಬೇಡಿ
ಎಚ್4350, ಐಎಂಆರ್ 4350, ಅಕ್ಯುರೇಟ್ 4350 ಹೆಸರಿನಲ್ಲಿ ದಾಯಾದಿಗಳು, ಉರಿಯುವ ವೇಗದಲ್ಲಿ ಬೇರೆ ಬೇರೆ. ಒಂದರ ಪ್ರಮಾಣವನ್ನು ಇನ್ನೊಂದಕ್ಕೆ ಹಾಕಿದರೆ ಒತ್ತಡ ಮಿತಿಮೀರಿ ರೈಫಲ್ ಸಿಡಿದು ಪ್ರಾಣಕ್ಕೆ ಎರವಾದೀತು. ಹೊಸ ಪೌಡರ್ ತಂದರೆ ಅದರದೇ ಪಟ್ಟಿಯ ಕನಿಷ್ಠ ಪ್ರಮಾಣದಿಂದ ಶುರುಮಾಡಿ. ಅದೇ ಪೌಡರ್ ಆದರೂ ಲಾಟ್ (ತಯಾರಿಕೆಯ ಕಂತು) ಸಂಖ್ಯೆ ಬದಲಾದಾಗ ಪ್ರಮಾಣ ತಗ್ಗಿಸಿ ಮತ್ತೆ ಪರೀಕ್ಷಿಸಿ.

6. ಒಂದು ವರ್ಷಕ್ಕೆ ಆಗುವಷ್ಟು ಮಾತ್ರ
ವರ್ಷಕ್ಕೆ 500 .308 ತೋಟೆ ಹಾರಿಸುವವರಿಗೆ ಮೂರು ಪೌಂಡ್‌ಗಿಂತ ತುಸು ಹೆಚ್ಚು ಬೇಕು. ಒಂದೇ ಲಾಟಿನ ನಾಲ್ಕು ಡಬ್ಬಿ ಸಾಕು. ಹೆದರಿ ಗುಡ್ಡೆ ಹಾಕಿದರೆ ಅಭಾವವೂ ಹೆಚ್ಚುತ್ತದೆ, ಬೆಂಕಿಯ ಅಪಾಯವೂ ಹೆಚ್ಚುತ್ತದೆ. ಪೌಡರ್ ಮೂಲ ಡಬ್ಬಿಯಲ್ಲೇ, ತಂಪಾದ ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇರಲಿ. ಎಷ್ಟು ಇಡಬಹುದೆಂದು ಸ್ಥಳೀಯ ಅಗ್ನಿಶಾಮಕ ಇಲಾಖೆಯನ್ನು ಕೇಳಿ.

ಗಮನಿಸಿ: ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. ಊರಿಗೆ ಬರುವಾಗ ಪೌಡರನ್ನು ಕೈಚೀಲದಲ್ಲೂ ತರುವಂತಿಲ್ಲ, ಲಗೇಜಿನಲ್ಲೂ ಹಾಕುವಂತಿಲ್ಲ.