ಪಿಸ್ತೂಲನ್ನು ಬೈಯುವ ಮುಂಚೆ ಅಂಗೈ ನೋಡಿಕೋ



ಏರ್ ಪಿಸ್ತೂಲಿನಿಂದ 25 ಮೀಟರ್ ಸ್ಪೋರ್ಟ್ಸ್ ಪಿಸ್ತೂಲಿಗೆ ದಾಟಿದ್ದೀಯ ಎಂದು ನಿನ್ನ ಅಪ್ಪ ಹೇಳಿದ. ಕ್ಲಬ್ಬಿನ ಪಿಸ್ತೂಲು ನಿನ್ನ ಕೈಯಲ್ಲಿ ಪದೇ ಪದೇ ಜಾಮ್ ಆಗುತ್ತದೆ, ಕೋಚ್ ಹಿಡಿದರೆ ಸರಾಗವಾಗಿ ಓಡುತ್ತದೆ, ಆದ್ದರಿಂದ ಹೊಸದೊಂದು ಕೊಡಿಸಬೇಕಂತೆ ಎಂದೂ ಹೇಳಿದ. ದುಡ್ಡು ಹೊಂದಿಸಲು ಹೊರಡುವ ಮೊದಲು ಅಪ್ಪ, ಮಗಳು ಇಬ್ಬರೂ ಕೂತು ಈ ಪತ್ರ ಓದಿ. ಕೋಚ್ ಕೈಯಲ್ಲಿ ಓಡುವ ಪಿಸ್ತೂಲು ನಿನ್ನ ಕೈಯಲ್ಲಿ ನಿಲ್ಲುತ್ತದೆ ಎಂದರೆ ಕಾರಣ ಅರ್ಧ ಸಿಕ್ಕಂತೆಯೇ.

ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅಲ್ಲಿ ಪ್ರತಿಯೊಂದು ಪೆಲೆಟ್ಟನ್ನೂ ಶೂಟರ್ ಕೈಯಾರೆ ಇಡಬೇಕು. ಹಿಡಿತ ಸಡಿಲಾದರೆ ಅಂಕ ಹೋದೀತೇ ಹೊರತು ಪಿಸ್ತೂಲು ಕೆಲಸ ನಿಲ್ಲಿಸುವುದಿಲ್ಲ. ಸೆಮಿ-ಆಟೋಮ್ಯಾಟಿಕ್‌ಗೆ ಆ ಔದಾರ್ಯ ಇಲ್ಲ. ತೋಟಾ ಸಿಡಿದಾಗ ಹಿಂದಕ್ಕೆ ಒದೆಯುವ ಬಲದಿಂದಲೇ ಅದರ ಸ್ಲೈಡ್ ಹಿಂದೆ ಸರಿಯುತ್ತದೆ. ನಿನ್ನಂಥವರ ಪಾಯಿಂಟ್ ಟೂ ಟೂ ಪಿಸ್ತೂಲಿನಲ್ಲಿ ಒಳಗಿನ ಬೋಲ್ಟ್ ಸರಿಯುತ್ತದೆ. ಹೋಗುವಾಗ ಅದು ಖಾಲಿ ಕೇಸನ್ನು ಹೊರಗೆಸೆದು ಸ್ಪ್ರಿಂಗನ್ನು ಅದುಮುತ್ತದೆ. ಸ್ಪ್ರಿಂಗ್ ಅದನ್ನು ಮುಂದಕ್ಕೆ ದೂಡುವಾಗ ಮ್ಯಾಗಜೀನಿನ ಮೇಲ್ತುದಿಯ ತೋಟಾ ನಳಿಗೆಗೆ ಸೇರುತ್ತದೆ.

ಇಷ್ಟೆಲ್ಲ ನಡೆಯಬೇಕಾದರೆ ಪಿಸ್ತೂಲಿನ ಮೈ ಒಂದೆಡೆ ನಿಂತಿರಬೇಕು, ಸ್ಲೈಡ್ ಮಾತ್ರ ಓಡಬೇಕು. ಗಟ್ಟಿ ನೆಲದಲ್ಲಿ ಹೂತ ಒರಳಿಗೆ ಒನಕೆಯ ಏಟು ಪೂರ್ತಿ ಬೀಳುತ್ತದೆ. ಕೆಸರಿನ ಮೇಲಿಟ್ಟರೆ ಏಟಿನ ಜೊತೆ ಒರಳೂ ಕುಸಿಯುತ್ತದೆ. ಮಣಿಕಟ್ಟು ಸಡಿಲಾದಾಗ ಪಿಸ್ತೂಲಿನಲ್ಲಿ ಆಗುವುದೂ ಇದೇ. ಸ್ಲೈಡಿನ ಜೊತೆ ಮೈಯೂ ಹಿಂದಕ್ಕೆ ಬರುತ್ತದೆ, ಸ್ಲೈಡ್ ಪೂರ್ತಿ ದೂರ ಹೋಗದೆ ಅರ್ಧಕ್ಕೇ ಮರಳುತ್ತದೆ. ಖಾಲಿ ಕೇಸು ಹೊರಗೆ ಹಾರುವ ಬದಲು ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಮುಂದಿನ ತೋಟಾ ಮೇಲೇಳುವುದೇ ಇಲ್ಲ. ಹಗುರ ಪಿಸ್ತೂಲುಗಳಲ್ಲಿ ಈ ತೊಂದರೆ ಹೆಚ್ಚು. 1.1 ಕಿಲೋ ತೂಗುವ ಉಕ್ಕಿನ 1911 ಪಿಸ್ತೂಲು ತನ್ನ ಭಾರದಿಂದಲೇ ಸ್ವಲ್ಪ ನಿಲ್ಲುತ್ತದೆ. ಮ್ಯಾಗಜೀನ್ ಇಲ್ಲದೆ ಸುಮಾರು 625 ಗ್ರಾಂ ತೂಗುವ ಗ್ಲಾಕ್ 17 ಕೈಯನ್ನೇ ನಂಬಿರುತ್ತದೆ. ನಿನ್ನ ಸ್ಪೋರ್ಟ್ಸ್ ಪಿಸ್ತೂಲು ಭಾರದ್ದೇ, ಆದರೆ ಪಾಯಿಂಟ್ ಟೂ ಟೂ ತೋಟಾದಲ್ಲಿ ಬಲ ಕಡಿಮೆ. ಪೋಲು ಮಾಡಲು ಅಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಹಾಗೆಂದು ಉಸಿರುಕಟ್ಟಿ ಹಿಸುಕಬೇಡ. ಅತಿಯಾಗಿ ಬಿಗಿದ ಮುಷ್ಟಿ ಬೇಗ ನಡುಗತೊಡಗುತ್ತದೆ. ತೋರುಬೆರಳು ಟ್ರಿಗರ್ ಎಳೆಯುವ ಹೊತ್ತಿಗೆ ಉಳಿದ ಬೆರಳುಗಳೂ ಜೊತೆಗೆ ಹಿಂಡುತ್ತವೆ, ನಳಿಗೆಯ ತುದಿ ಅದುರುತ್ತದೆ. ಬೇಕಾದದ್ದು ಮೊದಲ ಗುಂಡಿನಿಂದ ಐದನೆಯದರವರೆಗೆ ಬದಲಾಗದ ಒಂದೇ ಒತ್ತಡ. ಹಿಡಿ ಕೈಗೆ ಕೂತಿದ್ದರೆ ಅದು ತಾನಾಗಿ ಬರುತ್ತದೆ. ಕೂರದಿದ್ದರೆ ಎಷ್ಟು ವರ್ಷ ಅಭ್ಯಾಸ ಮಾಡಿದರೂ ಬರುವುದು ಕಷ್ಟ.

ಸೈನ್ಯಗಳೇ ಈ ಪಾಠವನ್ನು ನಿಧಾನವಾಗಿ ಕಲಿತವು. ಮೇಲೆ ಹೇಳಿದ ಆ ಉಕ್ಕಿನ ಪಿಸ್ತೂಲು ಜಾನ್ ಬ್ರೌನಿಂಗ್ ರೂಪಿಸಿದ್ದು, ಅಮೆರಿಕದ ಸೈನ್ಯ ಅದನ್ನು 1911ರಲ್ಲಿ ಒಪ್ಪಿಕೊಂಡಿತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ದೂರುಗಳು ಸೇರಿದ್ದವು: ಸಣ್ಣ ಕೈಯವರಿಗೆ ಟ್ರಿಗರ್ ದೂರ, ಗುಂಡು ಗುರಿಗಿಂತ ಕೆಳಗೆ ಹೋಗುತ್ತದೆ, ಹೆಬ್ಬೆರಳಿನ ಬುಡದ ಚರ್ಮವನ್ನು ಹ್ಯಾಮರ್ ಕಚ್ಚುತ್ತದೆ. ಒಳಗಿನ ಯಂತ್ರವನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟು, ಟ್ರಿಗರನ್ನು ಗಿಡ್ಡ ಮಾಡಿದರು. ಬೆರಳು ತಲುಪಲೆಂದು ಟ್ರಿಗರಿನ ಹಿಂದೆ ಎರಡೂ ಬದಿಯ ಲೋಹವನ್ನು ಕೊರೆದು ತೆಗೆದರು. ಹಿಡಿಯ ಬೆನ್ನನ್ನು ಉಬ್ಬಿಸಿದರು, ಹ್ಯಾಮರಿನ ಕೆಳಗಿನ ಬಾಲವನ್ನು ಉದ್ದ ಮಾಡಿದರು. 1926ರಲ್ಲಿ ಅದಕ್ಕೆ ಎಂ1911ಎ1 ಎಂಬ ಹೊಸ ಹೆಸರು ಬಂತು. ಒಂದು ದೇಶದ ಸೈನ್ಯ ತನ್ನ ಪಿಸ್ತೂಲಿಗೆ ಹೊಸ ಹೆಸರಿಟ್ಟದ್ದು ಬಹುಪಾಲು ಕೈಯ ಅನುಕೂಲಕ್ಕಾಗಿ ಮಾಡಿದ ಬದಲಾವಣೆಗಳಿಗೆ ಎಂಬುದನ್ನು ನೀನು ನೆನಪಿಟ್ಟುಕೊಳ್ಳಬೇಕು.

ಅದೇ ಪಿಸ್ತೂಲಿನ ಹಿಡಿಯ ಹಿಂದೆ ಒಂದು ಸುರಕ್ಷಾ ಪಟ್ಟಿ ಇದೆ. ಅಂಗೈ ಅದನ್ನು ಒತ್ತದೆ ಗುಂಡು ಹಾರುವುದಿಲ್ಲ. ಹೆಬ್ಬೆರಳನ್ನು ಎತ್ತರದಲ್ಲಿಟ್ಟು ಹಿಡಿಯುವವರ ಅಂಗೈ ಗುಳಿಬಿದ್ದು ಪಟ್ಟಿಯಿಂದ ಮೇಲೇಳುತ್ತದೆ. ಟ್ರಿಗರ್ ಎಳೆದರೂ ಏನೂ ಆಗುವುದಿಲ್ಲ. ಮುಂದೆ ತಯಾರಕರು ಆ ಪಟ್ಟಿಯ ಕೆಳತುದಿಗೆ ಒಂದು ಉಬ್ಬು ಕೊಟ್ಟರು. ಕೆಟ್ಟಿದ್ದು ಯಾವುದೂ ಇರಲಿಲ್ಲ, ಕೈ ತಲುಪಬೇಕಾದಲ್ಲಿಗೆ ತಲುಪಿರಲಿಲ್ಲ ಅಷ್ಟೆ.

ನಮ್ಮ ಸೈನಿಕರು, ಪೊಲೀಸರು ಬಳಸುವ 9 ಎಂಎಂ 1ಎ ಪಿಸ್ತೂಲು ಬ್ರೌನಿಂಗ್ ಹೈ-ಪವರ್‌ನ ವಂಶದ್ದು, ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. 13 ತೋಟಾ ಹಿಡಿಸಿದರೂ ಹಿಡಿ ಸಪೂರ ಎಂದು ಹೈ-ಪವರ್‌ಗೆ ಒಳ್ಳೆಯ ಹೆಸರಿದೆ. ತುಂಬು ಅಂಗೈಯವರ ಚರ್ಮವನ್ನು ಅದರ ಹ್ಯಾಮರ್ ಕಚ್ಚುತ್ತದೆ ಎಂಬ ದೂರೂ ಅಷ್ಟೇ ಹಳೆಯದು. ಒಂದೇ ಹಿಡಿ ಒಬ್ಬರಿಗೆ ವರ, ಇನ್ನೊಬ್ಬರಿಗೆ ಗಾಯ. ಅಮೆರಿಕದವರು 1985ರಲ್ಲಿ ಒಪ್ಪಿಕೊಂಡ ಬೆರೆಟ್ಟಾ ಎಂ9 ಸಣ್ಣ ಕೈಯವರಿಗೆ ದಪ್ಪವಾಯಿತು ಎಂಬ ಮಾತು ದಶಕಗಳ ಕಾಲ ಕೇಳಿಬಂತು. 2017ರಲ್ಲಿ ಅದರ ಜಾಗಕ್ಕೆ ಆರಿಸಿದ ಎಂ17ರಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಹಿಡಿಯ ಭಾಗವನ್ನೇ ಬದಲಿಸಬಹುದು.

ಈಗ ನಿನ್ನ ವಿಷಯ. ಕ್ಲಬ್ಬಿನ ಪಿಸ್ತೂಲಿಗೆ ಕೂರಿಸಿರುವ ಮರದ ಗ್ರಿಪ್ಪಿನ ಸೈಜು ಏನು ಎಂದು ಕೇಳು. ಮೀಡಿಯಂ ಅಥವಾ ಲಾರ್ಜ್ ಆಗಿದ್ದರೆ ಆಶ್ಚರ್ಯವಿಲ್ಲ. ಗಂಡಸರ ಕೈಗೆಂದು ತರಿಸಿದ್ದಿರಬಹುದು. ಕೋಚ್ ಎದುರು ಮ್ಯಾಗಜೀನ್ ತೆಗೆದು, ನಳಿಗೆ ಖಾಲಿ ಇದೆಯೆಂದು ಕಣ್ಣಾರೆ ನೋಡಿ, ನಳಿಗೆಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಎಡಗೈಯಿಂದ ಪಿಸ್ತೂಲನ್ನು ಬಲಗೈಗೆ ಕೂರಿಸು. ಹೆಬ್ಬೆರಳು, ತೋರುಬೆರಳ ನಡುವಿನ ಕವಲು ಹಿಡಿಯ ತುದಿಗೆ ಮೇಲಕ್ಕೆ ಒತ್ತಿ ಕೂರಲಿ. ನಳಿಗೆ ಮುಂಗೈ ಮೂಳೆಯ ನೇರಕ್ಕೆ ಬರಲಿ. ಒತ್ತಡ ನಡುಬೆರಳು, ಉಂಗುರಬೆರಳಿನದು. ಹೆಬ್ಬೆರಳಿಗೆ ಹೆಚ್ಚೇನೂ ಕೆಲಸವಿಲ್ಲ. ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತೆ ಟ್ರಿಗರಿನ ಮೇಲಿರಬೇಕು, ಆ ಬೆರಳಿಗೂ ಮರಕ್ಕೂ ನಡುವೆ ಬೆಳಕು ಕಾಣಬೇಕು. ನಿನ್ನ ಬೆರಳು ಟ್ರಿಗರ್ ಮುಟ್ಟಬೇಕಾದರೆ ಇಡೀ ಕೈಯೇ ಹಿಡಿಯ ಸುತ್ತ ತಿರುಗುತ್ತಿದೆಯೇ? ಹಾಗಿದ್ದರೆ ಒದೆತವೆಲ್ಲ ಹೆಬ್ಬೆರಳಿನ ಕೀಲಿಗೆ ಬೀಳುತ್ತಿದೆ. ನಿನಗೆ ಕೈನೋವೂ ಇದೆ ಎಂದು ಅಪ್ಪ ಹೇಳಿದ, ಅದಕ್ಕೂ ಇದೇ ಕಾರಣ ಇರಬಹುದು.

ಆಮೇಲೆ ಕಣ್ಣು ಮುಚ್ಚಿ ಕೈ ಎತ್ತು, ಕಣ್ಣು ತೆರೆ. ಮುಂದಿನ ಸೈಟು ಹಿಂದಿನದರ ನಡುವೆ ಕೂತಿರಬೇಕು. ಪ್ರತಿಸಲ ಒಂದೇ ಕಡೆಗೆ ಸರಿದಿದ್ದರೆ ಗ್ರಿಪ್ ನಿನ್ನದಲ್ಲ.

ಸ್ಪರ್ಧೆಯಲ್ಲಿ ಇದರ ಬೆಲೆ ದೊಡ್ಡದು. ನಿನ್ನ ಪಂದ್ಯದ ಎರಡನೇ ಹಂತದಲ್ಲಿ ಗುರಿ ಕಾಣುವುದು ಒಮ್ಮೆಗೆ 3 ಸೆಕೆಂಡು ಮಾತ್ರ. ಖಾಲಿ ಕೇಸು ಸಿಕ್ಕಿಕೊಂಡರೆ ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ ಸಾಮಾನ್ಯವಾಗಿ ಅದನ್ನು ಪಿಸ್ತೂಲಿನ ದೋಷವೆಂದು ಒಪ್ಪುತ್ತದೆ. ಹಿಂದಿನ ಗುಂಡಿನ ನಂತರ ಟ್ರಿಗರನ್ನು ಸಾಕಷ್ಟು ಬಿಡದೆ ಮುಂದಿನದು ಹಾರದಿದ್ದರೆ ಅದನ್ನು ಒಪ್ಪುವುದಿಲ್ಲ. ಆ ಗುಂಡಿಗೆ ಸೊನ್ನೆ. ದೂರದ ಟ್ರಿಗರಿಗೆ ಬೆರಳು ಚಾಚಿ ಚಾಚಿ ಸೋತ ಸಣ್ಣ ಕೈ ಮಾಡುವ ತಪ್ಪು ಅದೇ. ಎಷ್ಟೋ ಟಾರ್ಗೆಟ್ ಪಿಸ್ತೂಲುಗಳಲ್ಲಿ ಟ್ರಿಗರನ್ನು ಸ್ಕ್ರೂ ತಿರುಗಿಸಿ ಹಿಂದೆ ಮುಂದೆ ಮಾಡಬಹುದು, ಕೋಚ್ ಬಳಿ ಮಾಡಿಸಿಕೋ. 1000 ಗ್ರಾಂ ಟ್ರಿಗರ್ ತೂಕವನ್ನಾಗಲಿ ಸ್ಪ್ರಿಂಗುಗಳನ್ನಾಗಲಿ ಮುಟ್ಟಬೇಡ, ಅದು ಆರ್ಮರರ್ ಕೆಲಸ.

ಕೈ ಸಣ್ಣದೆಂದು ಮನಸ್ಸು ಸಣ್ಣ ಮಾಡಿಕೊಳ್ಳಬೇಡ, ಮಗಳೇ. ಹಂಗೇರಿಯ ಸೈನಿಕ ಕಾರೊಯ್ ಟಕಾಚ್‌ನ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಛಿದ್ರವಾಯಿತು. ಅವನು ಗುರಿಯಿಡುತ್ತಿದ್ದದ್ದು ಅದೇ ಕೈಯಲ್ಲಿ. ಯಾರಿಗೂ ತಿಳಿಸದೆ ಎಡಗೈಗೆ ಮೊದಲಿನಿಂದ ಪಾಠ ಕಲಿಸಿ, ಮರುವರ್ಷವೇ ರಾಷ್ಟ್ರೀಯ ಚಾಂಪಿಯನ್ ಆದ. 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ರ್‍ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದ.

ಕ್ಲಬ್ಬಿನ ಗ್ರಿಪ್ಪಿಗೆ ಅರ ಹಾಕಬೇಡ, ಅದು ಹತ್ತು ಜನರ ಸ್ವತ್ತು. ಅದೇ ಮಾಡೆಲ್ಲಿಗೆ ಸಣ್ಣ ಸೈಜಿನ ಮರದ ಗ್ರಿಪ್ ಮಾತ್ರ ತರಿಸಿಕೋ, ಹೊಸ ಪಿಸ್ತೂಲಿನ ಖರ್ಚಿನ ಮುಂದೆ ಅದು ಏನೂ ಅಲ್ಲ. ಬಂದ ಮೇಲೆ ಒತ್ತುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಸ್ಯಾಂಡ್ ಪೇಪರಿನಿಂದ ಒಂದಿಷ್ಟೇ ಉಜ್ಜಿ, ಮತ್ತೆ ಹಿಡಿದು ನೋಡು. ಟೊಳ್ಳು ಇರುವಲ್ಲಿ ಮರಗೆಲಸದ ಪುಟ್ಟಿ ತುಂಬು. ಅಂಗೈ ಅಂಚು ಕೂರುವ ಕೆಳಗಿನ ಹಲಗೆಯನ್ನು ಮೇಲಕ್ಕೆ ಬಾಗಿಸಿ ಕೈಯನ್ನು ಬಂಧಿಸುವಂತಿಲ್ಲ, ಮಣಿಕಟ್ಟು ಮುಕ್ತವಾಗಿ ಕಾಣಬೇಕು. ಪಂದ್ಯಕ್ಕೆ ಮುಂಚೆ ತಪಾಸಣೆಯಲ್ಲಿ ಅದನ್ನೇ ನೋಡುತ್ತಾರೆ. ನಿಮ್ಮ ಮಂಗಳೂರಿನ ಸೆಖೆಗೆ ಮೇಲ್ಮೈ ನುಣುಪಾಗಿದ್ದರೆ ಬೆವರಿಗೆ ಜಾರುತ್ತದೆ, ಸ್ವಲ್ಪ ತರಿತರಿಯಾಗಿಯೇ ಇರಲಿ.

ಅದಕ್ಕೂ ಮೊದಲು ಈ ವಾರವೇ ಒಂದು ಪರೀಕ್ಷೆ ಮಾಡು. ಕೋಚ್ ನಿಂತಿರುವಾಗ ಮ್ಯಾಗಜೀನಿಗೆ ಒಂದೇ ತೋಟಾ ಹಾಕಿ ಹೊಡೆ. ಕೊನೆಯ ಗುಂಡಿನ ನಂತರ ತೆರೆದೇ ನಿಲ್ಲುವ ಪಿಸ್ತೂಲಾದರೆ ಬೋಲ್ಟ್ ಹಿಂದೆ ನಿಲ್ಲಬೇಕು. ಹೀಗೆ ಐದು ಸಲ ನೀನು, ಐದು ಸಲ ಕೋಚ್, ಅದೇ ಪೆಟ್ಟಿಗೆಯ ತೋಟಾ. ಇಬ್ಬರ ಕೈಯಲ್ಲೂ ತಪ್ಪಿದರೆ ತೋಟಾ ಬದಲಿಸಿ ನೋಡಿ, ಪಿಸ್ತೂಲನ್ನು ಶುಚಿ ಮಾಡಿಸಿ, ಸ್ಪ್ರಿಂಗ್ ತೋರಿಸಿ. ನಿನ್ನ ಕೈಯಲ್ಲಿ ಮಾತ್ರ ತಪ್ಪಿದರೆ ಹೆಬ್ಬೆರಳು ಬೋಲ್ಟಿಗೋ ಅದನ್ನು ತಡೆಹಿಡಿಯುವ ಕೊಂಡಿಗೋ ತಾಗುತ್ತಿದೆಯೇ, ಅಂಗೈ ಮ್ಯಾಗಜೀನ್ ಬಿಡಿಸುವ ಗುಂಡಿಯನ್ನು ಒತ್ತುತ್ತಿದೆಯೇ ಎಂದು ಪಕ್ಕದಿಂದ ನೋಡಲು ಕೋಚ್‌ಗೆ ಹೇಳು. ಫಲಿತಾಂಶವನ್ನೂ, ಹೆಬ್ಬೆರಳ ಕವಲಿನಿಂದ ತೋರುಬೆರಳ ಮೊದಲ ಗಿಣ್ಣಿನವರೆಗಿನ ಅಳತೆಯನ್ನೂ ಬರೆದು ಕಳಿಸು. ಗ್ರಿಪ್ಪಿನ ಸೈಜು ನೋಡಿ ಆರ್ಡರ್ ಮಾಡುವ ಜವಾಬ್ದಾರಿ ಈ ದೊಡ್ಡಪ್ಪನದು.

ಇತಿ,
ನಿನ್ನ ದೊಡ್ಡಪ್ಪ