ವರದಿ ಬಂದ ಹೊತ್ತು, ಮದ್ದು ಬದಲಾದ ಹೊತ್ತು

ಐಸಿಯು ಮತ್ತು ಮೈಕ್ರೋಬಯಾಲಜಿ ಲ್ಯಾಬಿನ ಗಡಿಯಾರಗಳು ಒಂದಕ್ಕೊಂದು ಹೊಂದುವುದಿಲ್ಲ. ಸೋಂಕು ರಕ್ತಕ್ಕೇರಿ ರಕ್ತದೊತ್ತಡ ಕುಸಿದವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಹೋಗಬೇಕು ಎನ್ನುತ್ತದೆ 2021ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿ. ಆದರೆ ಬ್ಲಡ್ ಕಲ್ಚರ್ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಯಂತ್ರ ಸೂಚನೆ ಕೊಡುವುದಕ್ಕೇ ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನ ಹಿಡಿಯುತ್ತದೆ. ಅದನ್ನು ತಟ್ಟೆಯಲ್ಲಿ ಬೆಳೆಸಿ, ಯಾವುದೆಂದು ಗುರುತಿಸಿ, ಯಾವ ಮದ್ದಿಗೆ ಬಗ್ಗುತ್ತದೆಂದು ತಿಳಿಯುವಷ್ಟರಲ್ಲಿ ಎರಡು–ಮೂರು ದಿನ ಕಳೆದಿರುತ್ತದೆ. ಅಲ್ಲಿಯವರೆಗೆ ಕೊಡುವುದೆಲ್ಲ ಅಂದಾಜಿನ ಮದ್ದು. ಅಂದಾಜು ತಪ್ಪಿದರೆ ರೋಗಿ ಉಳಿಯುವುದು ಕಷ್ಟ. ತಪ್ಪಬಾರದೆಂದು ಎಲ್ಲರಿಗೂ ಮೆರೊಪೆನೆಮ್, ಕೊಲಿಸ್ಟಿನ್ ಏರಿಸುತ್ತ ಹೋದರೆ ಕೊಲಿಸ್ಟಿನ್ ಮೂತ್ರಪಿಂಡವನ್ನು ಕಾಡುತ್ತದೆ, ವಾರ್ಡಿನಲ್ಲಿ ಆ ಮದ್ದುಗಳಿಗೂ ಜಗ್ಗದ ಬ್ಯಾಕ್ಟೀರಿಯಾಗಳೇ ಉಳಿದುಕೊಳ್ಳುತ್ತವೆ. ಪರೀಕ್ಷೆ ಬೇಗ ಮುಗಿದರೆ ಈ ಇಕ್ಕಟ್ಟು ತಾನಾಗಿ ಸಡಿಲವಾಗುತ್ತದೆ ಎಂದು ನಾನೂ ನಂಬಿದ್ದೆ. ವರ್ಷಗಳ ಕೆಲಸ ಕಲಿಸಿದ ಪಾಠ ಬೇರೆ: ಎಣಿಸಬೇಕಾದ್ದು ವರದಿ ಬಂದ ಹೊತ್ತನ್ನಲ್ಲ, ಅದರಿಂದ ಮದ್ದು ಬದಲಾದ ಹೊತ್ತನ್ನು.

ಬೇಗ ತಿಳಿಯುವುದರ ಬೆಲೆ ನಮ್ಮ ದೇಶದಲ್ಲಿ ಇನ್ನೂ ಹೆಚ್ಚು. ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಮೆರೊಪೆನೆಮ್ ಸೇರಿದ ಕಾರ್ಬಪೆನೆಮ್‌ಗೆ ಜಗ್ಗುತ್ತಿಲ್ಲ ಎಂದಷ್ಟೇ ತಿಳಿದರೆ ಅರ್ಧ ಉತ್ತರ. ಮದ್ದನ್ನು ಒಡೆಯುವ ಕಿಣ್ವ ಆಕ್ಸಾ-48 ಗುಂಪಿನದಾದರೆ ಸೆಫ್ಟಾಜಿಡಿಮ್–ಅವಿಬ್ಯಾಕ್ಟಮ್ ಕೆಲಸಕ್ಕೆ ಬರಬಹುದು. ಎನ್‌ಡಿಎಂ ಆದರೆ ಅದೊಂದೇ ಸಾಲದು, ಜೊತೆಗೆ ಅಜ್ಟ್ರಿಯೋನಮ್ ಬೇಕು. ಎನ್‌ಡಿಎಂ ಅಜ್ಟ್ರಿಯೋನಮನ್ನು ಒಡೆಯಲಾರದು, ಒಡೆಯಬಲ್ಲ ಇತರ ಕಿಣ್ವಗಳನ್ನು ಅವಿಬ್ಯಾಕ್ಟಮ್ ತಡೆಯುತ್ತದೆ. ಈ ಎರಡೂ ಕಿಣ್ವಗಳು ಭಾರತದ ಆಸ್ಪತ್ರೆಗಳಲ್ಲಿ ಬೇರೂರಿವೆ, ಕೆಲವೊಮ್ಮೆ ಒಂದೇ ಬ್ಯಾಕ್ಟೀರಿಯಾದಲ್ಲಿ ಜೊತೆಯಾಗಿರುತ್ತವೆ. ಜೀನ್‌ಎಕ್ಸ್‌ಪರ್ಟ್‌ನ ಕಾರ್ಬಾ-ಆರ್‌ನಂಥ ಪರೀಕ್ಷೆ ಇಂಥ ಐದು ಗುಂಪಿನ ಜೀನ್‌ಗಳನ್ನು ಸುಮಾರು ಒಂದು ಗಂಟೆಯಲ್ಲಿ ಬೇರ್ಪಡಿಸಿ ತೋರಿಸುತ್ತದೆ.

ಹಾಗಿದ್ದರೂ ಯಂತ್ರ ತಂದ ಮಾತ್ರಕ್ಕೆ ಫಲ ಸಿಗುವುದಿಲ್ಲ. ರಕ್ತದ ಸೋಂಕಿನಲ್ಲಿ ಕ್ಷಿಪ್ರ ಪರೀಕ್ಷೆಗಳ ಬಗ್ಗೆ ನಡೆದ 31 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ, ವರದಿ ನೋಡಿ ಮದ್ದಿನ ಸಲಹೆ ಕೊಡುವ ತಂಡವಿದ್ದ ಕಡೆ ಸಾವು ಸ್ಪಷ್ಟವಾಗಿ ಕಡಿಮೆಯಾಗಿತ್ತು. ತಂಡವಿಲ್ಲದ ಕಡೆ ಆ ಲಾಭವನ್ನು ಖಚಿತವಾಗಿ ಹೇಳಲಾಗಲಿಲ್ಲ. ಇದರಲ್ಲಿ ಅಚ್ಚರಿಯಿಲ್ಲ. ನಡುರಾತ್ರಿ ಸಿದ್ಧವಾದ ಉತ್ತರ ಬೆಳಗಿನ ರೌಂಡ್ಸ್‌ವರೆಗೆ ಕಂಪ್ಯೂಟರಿನಲ್ಲೇ ಕಾದಿದ್ದರೆ, ಗಂಟೆಯೊಂದರ ಪರೀಕ್ಷೆಯೂ ಎಂಟು ಗಂಟೆಯದ್ದೇ ಆಗುತ್ತದೆ.

ಕ್ಷಿಪ್ರ ಪರೀಕ್ಷೆ ಬೇಕೆಂಬ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು, ಒಳ್ಳೆಯ ಪ್ರಯೋಗಗಳಲ್ಲಿ ಸಾವು ಇಳಿದಿಲ್ಲವಲ್ಲ ಎಂಬುದು. ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ರ್‍ಯಾಪಿಡ್ಸ್-ಜಿಎನ್ ಪ್ರಯೋಗದಲ್ಲಿ ಸಾವಿನ ವ್ಯತ್ಯಾಸ ಕಾಣಲಿಲ್ಲ, ನಿಜ. ಆದರೆ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ ಇದ್ದವರಿಗೆ ಬಲವಾದ ಮದ್ದು ಸಿಗಲು ಸುಮಾರು 62 ಗಂಟೆಯ ಬದಲು 18 ಗಂಟೆ ಸಾಕಾಯಿತು. ಮೊದಲ ಅಂದಾಜೇ ಬಹುಪಾಲು ಸರಿಯಾಗುವ ಊರಿನಲ್ಲಿ ಈ ಲಾಭ ಕೆಲವರಿಗೆ. ಅಂದಾಜು ಪದೇ ಪದೇ ತಪ್ಪುವ ನಮ್ಮ ಐಸಿಯುಗಳಲ್ಲಿ ಹಲವರಿಗೆ ಎಂಬುದು ನನ್ನ ವಾದ. ಎರಡನೆಯದು, ಜೀನ್ ಕಾಣಲಿಲ್ಲವೆಂದರೆ ಮದ್ದು ನಾಟುತ್ತದೆಂದು ಅರ್ಥವಲ್ಲ ಎಂಬುದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಇಂಥ ಕಿಣ್ವವಿಲ್ಲದೆಯೂ, ಮದ್ದು ನುಗ್ಗುವ ದ್ವಾರ ಮುಚ್ಚಿ, ಒಳಬಂದದ್ದನ್ನು ಹೊರದಬ್ಬಿ ಬದುಕಬಲ್ಲದು. ಆದ್ದರಿಂದ ಜೀನ್ ಕಂಡರೆ ಮದ್ದು ಬದಲಿಸಲು ಅದೇ ಸಾಕ್ಷಿ ಸಾಕು. ಕಾಣದಿದ್ದಾಗ ಮದ್ದು ಇಳಿಸಲು ಕಲ್ಚರ್ ಉತ್ತರಕ್ಕೇ ಕಾಯಬೇಕು.

ಉಳಿದದ್ದು ಹಣದ ಮಾತು. ಜೀನ್ ಪರೀಕ್ಷೆಯ ದುಬಾರಿ ಕಾರ್ಟ್ರಿಜ್ ಕೊಳ್ಳಲಾಗದ ಜಿಲ್ಲಾ ಆಸ್ಪತ್ರೆಗೂ ದಾರಿಯಿದೆ. ಯುರೋಪಿನ ಯೂಕ್ಯಾಸ್ಟ್ ಸಮಿತಿ ರೂಪಿಸಿದ ವಿಧಾನದಲ್ಲಿ, ಪಾಸಿಟಿವ್ ಬಾಟಲಿಯ ಸುಮಾರು 125 ಮೈಕ್ರೋಲೀಟರ್ ದ್ರವವನ್ನು ನೇರವಾಗಿ ತಟ್ಟೆಗೆ ಹರಡಿ, ಎಂದಿನ ಆ್ಯಂಟಿಬಯಾಟಿಕ್ ಡಿಸ್ಕ್‌ಗಳನ್ನೇ ಇಟ್ಟು, 4, 6 ಅಥವಾ 8 ಗಂಟೆಗೆ ಅವುಗಳ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಅಳೆಯುತ್ತಾರೆ. ಬ್ಯಾಕ್ಟೀರಿಯಾ ಯಾವುದೆಂದು ಗೊತ್ತಿರಬೇಕು, ಆ ಹೊತ್ತಿಗೆ ಅಳೆಯುವ ಕೈ ಇರಬೇಕು. ದುಬಾರಿ ಸಾಮಗ್ರಿಯೇನೂ ಬೇಡ. ಹಾಗಾಗಿ ಹೊಸ ಯಂತ್ರಕ್ಕೆ ಟೆಂಡರ್ ಕರೆಯುವ ಆಸ್ಪತ್ರೆಗೆ ನನ್ನ ಸಲಹೆ ಇಷ್ಟೆ: ಒಂದು ತಿಂಗಳು ಎರಡು ಹೊತ್ತುಗಳನ್ನು ಬರೆದಿಡಿ, ಲ್ಯಾಬ್ ಉತ್ತರ ಕೊಟ್ಟದ್ದು ಮತ್ತು ಚಾರ್ಟಿನಲ್ಲಿ ಮದ್ದು ಬದಲಾದದ್ದು. ನಡುವಿನ ಅಂತರ ಗಂಟೆಗಟ್ಟಲೆ ಇದ್ದರೆ, ಮೊದಲ ಹಣ ರಾತ್ರಿ ಪಾಳಿಯ ಟೆಕ್ನಿಷಿಯನ್‌ಗೂ ಲ್ಯಾಬಿನ ಫೋನ್ ಎತ್ತುವ ಡಾಕ್ಟರಿಗೂ ಹೋಗಲಿ.